ಮೂಳೆ ಬೆಳೆಯಲಿ, ಹಂದರ ಕರಗಲಿ

ಅಪಘಾತದಲ್ಲಿ ಮೂಳೆಯ ತುಂಡೊಂದು ಕಳೆದುಹೋದರೆ ಆ ಜಾಗ ತುಂಬುವುದು ಹೇಗೆ? ಹೊಸ ಮೂಳೆ ಬೆಳೆಯುವ ತನಕ ಆಸರೆಯಾಗಿದ್ದು, ಆಮೇಲೆ ಮೈಯೊಳಗೇ ಕರಗಿಹೋಗುವ ಪಾಲಿಮರ್ ಹಂದರಗಳು ಜಗತ್ತಿನ ಹಲವು ಆಸ್ಪತ್ರೆಗಳನ್ನು ಆಗಲೇ ತಲುಪಿವೆ. ಬೆಂಗಳೂರಿನ ಪ್ರಯೋಗಾಲಯ, ಕುಣಿಗಲ್ ಸೀಮೆಯ ರೇಷ್ಮೆಗೂಡು ಮತ್ತು ತುಮಕೂರಿನ ಆಸ್ಪತ್ರೆ ಮೂರೂ ಈ ಕಥೆಯಲ್ಲಿವೆ.

ತುಮಕೂರು ಸೀಮೆಯಲ್ಲಿ ಮೂಳೆ ಮುರಿಯಲು ಕಾರಣಗಳು ಹಲವು. ಬೆಂಗಳೂರು–ಪುಣೆ ಹೆದ್ದಾರಿ ನಗರದ ಪಕ್ಕದಲ್ಲೇ ಸಾಗುತ್ತದೆ. ಶಿವಮೊಗ್ಗದ ಕಡೆಗೆ ಹೊರಟ ಬಿ.ಎಚ್. ರಸ್ತೆ ಗುಬ್ಬಿಯನ್ನು ಹಾಯ್ದು ಹೋಗುತ್ತದೆ. ಮಂಗಳೂರಿನ ದಾರಿ ಕುಣಿಗಲ್ ಮೇಲೆ ಹಾದಿದೆ. ಈ ಮೂರೂ ದಾರಿಗಳಲ್ಲಿ ಲಾರಿ, ಬಸ್ಸುಗಳ ನಡುವೆಯೇ ಹೊಲಕ್ಕೆ, ಡೇರಿಗೆ, ಸಂತೆಗೆ ಹೊರಟವರ ಬೈಕುಗಳೂ ಓಡುತ್ತವೆ. ಹೆದ್ದಾರಿಯಿಂದ ಒಳಕ್ಕೆ ಹೋದರೆ ತೆಂಗಿನ ತೋಟ. ಕಾಯಿ ಕೀಳಲು ಹತ್ತಿದವರು ಜಾರಿ ಬೀಳುವುದುಂಟು. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗೆಂದೇ ‘ಕೇರ ಸುರಕ್ಷಾ’ ಎಂಬ ವಿಮೆ ತಂದಿದೆ ಎಂದರೆ ಆ ಕೆಲಸದ ಅಪಾಯ ತಿಳಿದೀತು. ಮನೆಯೊಳಗೆ ಬಚ್ಚಲಲ್ಲಿ ಕಾಲು ಜಾರಿ ಸೊಂಟ ಮುರಿದುಕೊಳ್ಳುವ ಅಜ್ಜಿಯರ ಲೆಕ್ಕ ಬೇರೆ.

ಇವುಗಳಲ್ಲಿ ಹೆಚ್ಚಿನ ಮುರಿತಗಳು ಕೂಡಿಕೊಳ್ಳುತ್ತವೆ. ಚರ್ಮ ಹರಿದರೆ ಕಲೆ ಉಳಿಯುತ್ತದೆ. ಮೂಳೆ ಮಾತ್ರ ಮುರಿದ ಜಾಗದಲ್ಲಿ ಮತ್ತೆ ಮೂಳೆಯನ್ನೇ ಬೆಳೆಸಿಕೊಳ್ಳುತ್ತದೆ. ಮುರಿದ ಗಳಿಗೆಯಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಮೆದು ಗಂಟು ಏಳುತ್ತದೆ. ಸುಣ್ಣದ ಅಂಶ ಸೇರಿ ಆ ಗಂಟು ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮೂಳೆ ಕಟ್ಟುವ ಕೋಶಗಳೂ ಕರಗಿಸುವ ಕೋಶಗಳೂ ಜೊತೆಯಾಗಿ ದುಡಿದು ಆ ಗಂಟನ್ನು ಹಳೆಯ ಆಕಾರಕ್ಕೆ ತರುತ್ತವೆ. ಹೊರಗಿನಿಂದ ಹಾಕುವ ಪಿಒಪಿ ಪಟ್ಟಿ, ಒಳಗೆ ಕೂರಿಸುವ ರಾಡು, ಪ್ಲೇಟು ಮೂಳೆಯನ್ನು ಅಲ್ಲಾಡದಂತೆ ಹಿಡಿದುಕೊಳ್ಳುತ್ತವೆ, ಅಷ್ಟೆ. ಕೂಡಿಸುವ ಕೆಲಸವನ್ನು ದೇಹವೇ ಮಾಡಬೇಕು.

ದೇಹಕ್ಕೂ ಒಂದು ಮಿತಿಯಿದೆ. ನೂರು ಮುರಿತಗಳಲ್ಲಿ ಐದರಿಂದ ಹತ್ತು ತಡವಾಗಿ ಕೂಡುತ್ತವೆ ಅಥವಾ ಕೂಡುವುದೇ ಇಲ್ಲ ಎಂಬುದು ಮೂಳೆ ವೈದ್ಯರ ಸಾಮಾನ್ಯ ಅಂದಾಜು. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಮುಂಭಾಗದಲ್ಲಿ ಇರುವುದು ಬರೀ ಚರ್ಮ. ಬೈಕಿಗೆ ಲಾರಿ ತಾಗಿದಾಗ ಈ ಮೂಳೆ ಚೂರಾಗಿ ಚರ್ಮ ಸೀಳಿ ಹೊರಬರುತ್ತದೆ. ಒಂದೆರಡು ಚೂರು ರಸ್ತೆಯಲ್ಲೇ ಉಳಿದುಬಿಡುತ್ತವೆ. ಕೀವು ತುಂಬಿತೆಂದರೆ ಉಳಿದ ಮೂಳೆಯಲ್ಲೂ ಒಂದಿಷ್ಟನ್ನು ವೈದ್ಯರೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಹೀಗೆ ಉಳಿಯುವ ನಾಲ್ಕು, ಐದು, ಆರು ಸೆಂಟಿಮೀಟರ್ ಖಾಲಿ ಜಾಗವನ್ನು ದೇಹ ತಾನಾಗಿ ತುಂಬಿಕೊಳ್ಳಲಾರದು. ಹೊಸ ಮೂಳೆಯ ಕಥೆ ಶುರುವಾಗುವುದು ಆ ಖಾಲಿ ಜಾಗದಿಂದ.

ಸೊಂಟದಿಂದ ಸಾಲ

ಸದ್ಯಕ್ಕೆ ಇರುವ ಮೊದಲ ದಾರಿ ರೋಗಿಯ ಸೊಂಟದ ಮೂಳೆಯ ಅಂಚಿನಿಂದ ಒಂದಿಷ್ಟು ಕೆತ್ತಿ ತೆಗೆದು ಆ ಜಾಗಕ್ಕೆ ತುಂಬುವುದು. ಗುಣದಲ್ಲಿ ಇದನ್ನು ಮೀರಿದ್ದು ಇನ್ನೂ ಬಂದಿಲ್ಲ. ಅದು ರೋಗಿಯದೇ ಮೂಳೆ, ಅದರೊಳಗೆ ಜೀವಕೋಶಗಳಿವೆ, ದೇಹ ಅದನ್ನು ತಿರಸ್ಕರಿಸುವುದಿಲ್ಲ. ಆದರೆ ಸೊಂಟದಿಂದ ಎಷ್ಟು ತೆಗೆಯಬಹುದೆಂಬುದಕ್ಕೆ ಲೆಕ್ಕವಿದೆ. ಮುರಿದ ಕಾಲಿನ ಜೊತೆಗೆ ಸೊಂಟದಲ್ಲೂ ಗಾಯವಾಗುತ್ತದೆ. ಕಾಲು ವಾಸಿಯಾದ ಮೇಲೂ ಸೊಂಟದ ನೋವು ಕಾಡುವವರಿದ್ದಾರೆ. ಕೂಲಿ ಮಾಡಿ ಬದುಕುವವರಿಗೆ ಎರಡನೇ ಗಾಯವೆಂದರೆ ಕೆಲಸಕ್ಕೆ ಹೋಗಲಾಗದ ಇನ್ನಷ್ಟು ದಿನ.

ಎರಡನೆಯದು, ಕಾಲಿನ ಸುತ್ತ ಲೋಹದ ಬಳೆಗಳನ್ನು ಕೂರಿಸುವ ವಿಧಾನ. ಸೈಬೀರಿಯದ ಕುರ್ಗಾನ್ ಎಂಬಲ್ಲಿ ಗವ್ರೀಲ್ ಇಲಿಜರೊವ್ ಎಂಬ ವೈದ್ಯ 1950ರ ದಶಕದಲ್ಲಿ ಇದನ್ನು ರೂಪಿಸಿದ. ಒಳ್ಳೆಯ ಮೂಳೆಯನ್ನು ಒಂದು ಕಡೆ ಕತ್ತರಿಸಿ, ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆಯುತ್ತಾ ಹೋದರೆ ಎಳೆದ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಐದು ಸೆಂಟಿಮೀಟರ್ ಬೆಳೆಸಲು ಐವತ್ತು ದಿನ, ಅದು ಗಟ್ಟಿಯಾಗಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಚರ್ಮ ತೂರಿ ನಿಂತ ತಂತಿಗಳನ್ನು ದಿನವೂ ಶುಚಿ ಮಾಡಿಕೊಳ್ಳುತ್ತಾ ತಿಂಗಳುಗಟ್ಟಲೆ ಬಳೆ ಹೊತ್ತು ನಡೆಯುವುದು ಸುಲಭದ ಮಾತಲ್ಲ. ಹಾಗಿದ್ದರೂ ಈ ವಿಧಾನದಿಂದ ಉಳಿದ ಕಾಲುಗಳು ಅಸಂಖ್ಯ.

ಮೂರನೆಯದು ದಾನಿಗಳ ಮೂಳೆ. ಅದನ್ನು ಶುದ್ಧಗೊಳಿಸಿ ಕಾಪಿಡುವ ಮೂಳೆ ಬ್ಯಾಂಕುಗಳು ನಮ್ಮಲ್ಲಿ ದೊಡ್ಡ ಊರುಗಳಾಚೆ ಇಲ್ಲ. ಹೀಗೆ ಮೂರು ದಾರಿಗೂ ಒಂದೊಂದು ತೊಡಕು ಇರುವುದರಿಂದಲೇ ವಿಜ್ಞಾನಿಗಳು ನಾಲ್ಕನೆಯದನ್ನು ಹುಡುಕಿ ಹೊರಟರು.

ಹಂದರದ ಲೆಕ್ಕಾಚಾರ

ಹಾಗಲ ಬಳ್ಳಿಗೆ ಹಂದರ ಹಾಕುವಂತೆ ಮೂಳೆಯ ಕೋಶಗಳಿಗೂ ಒಂದು ಹಂದರ ಹಾಕಿಕೊಟ್ಟರೆ ಅವು ಅದನ್ನು ಹಿಡಿದು ಹಬ್ಬಿ ಖಾಲಿ ಜಾಗ ತುಂಬಿಯಾವು ಎಂಬುದು ಇದರ ಮೂಲ ಯೋಚನೆ. ತೋಟದ ಹಂದರ ಬೆಳೆ ಮುಗಿದ ಮೇಲೂ ನಿಂತಿರುತ್ತದೆ. ಮೂಳೆಯ ಹಂದರ ಹಾಗೆ ನಿಲ್ಲಬಾರದು. ಹೊಸ ಮೂಳೆ ಎಷ್ಟೆಷ್ಟು ಬೆಳೆಯುತ್ತದೋ ಹಂದರ ಅಷ್ಟಷ್ಟೇ ಕರಗಿ ಜಾಗ ಬಿಡಬೇಕು. ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ಯೋಚನೆಗೆ ಅಂಗಾಂಶ ಎಂಜಿನಿಯರಿಂಗ್ ಎಂಬ ಶಾಸ್ತ್ರದ ರೂಪ ಕೊಟ್ಟಿತು.

ಹಂದರದ ಸಾಮಗ್ರಿ ಮಾತ್ರ ಅದಕ್ಕೂ ಹಳೆಯದು. ಲ್ಯಾಕ್ಟಿಕ್ ಆಮ್ಲದ ಕಣಗಳನ್ನು ಸರಪಳಿಯಾಗಿ ಪೋಣಿಸಿದರೆ ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಪಾಲಿಮರ್ ಸಿಗುತ್ತದೆ. ಹಾಲು ಹೆಪ್ಪಾದಾಗ ಹುಳಿ ತರುವುದು ಇದೇ ಆಮ್ಲ. ಓಡಿದಾಗ ನಮ್ಮ ಸ್ನಾಯುಗಳಲ್ಲಿ ಹುಟ್ಟುವುದೂ ಇದೇ. ಈ ಪಾಲಿಮರನ್ನು ಶಸ್ತ್ರಚಿಕಿತ್ಸೆಯಲ್ಲಿ ಮೈಯೊಳಗೆ ಇಡಬಹುದೇ ಎಂದು ಪರೀಕ್ಷಿಸಿದ ಮೊದಮೊದಲ ಪ್ರಬಂಧಗಳಲ್ಲೊಂದು 1966ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಪತ್ರಿಕೆಯೊಂದರಲ್ಲಿ ಬಂತು. ಅದರ ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಆರ್.ಕೆ. ಕುಲಕರ್ಣಿ, ಎರಡನೆಯದು ಕೆ.ಸಿ. ಪಾಣಿ. ಅಮೆರಿಕದ ಸೇನೆಯ ವೈದ್ಯಕೀಯ ಪ್ರಯೋಗಾಲಯದಲ್ಲಿ ನಡೆದ ಕೆಲಸವದು. ಐದು ವರ್ಷಗಳ ಬಳಿಕ, 1971ರಲ್ಲಿ, ಕುಲಕರ್ಣಿ ಮತ್ತು ಸಂಗಡಿಗರು ಇದೇ ಪಾಲಿಮರಿನ ಪಟ್ಟಿ ಮತ್ತು ಸ್ಕ್ರೂಗಳಿಂದ ನಾಯಿಗಳ ದವಡೆ ಮುರಿತವನ್ನು ಹಿಡಿದಿಟ್ಟ ಪ್ರಯೋಗವನ್ನು ವರದಿ ಮಾಡಿದರು. ಮುರಿದ ಮೂಳೆಗೆ ಕರಗುವ ಆಸರೆ ಎಂಬ ಕಲ್ಪನೆ ಕಾಗದದಿಂದ ಹೊರಬಂದಿದ್ದು ಇಂಥ ಪ್ರಯೋಗಗಳಿಂದ.

ಗುಬ್ಬಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಹೊಲಿಗೆ ಹಾಕಿಸಿಕೊಂಡ ತಾಯಿಗೂ ಈ ಕುಟುಂಬದ ಪಾಲಿಮರಿನ ಪರಿಚಯ ಇದ್ದೀತು. ‘ಕರಗುವ ದಾರ ಹಾಕಿದೆ, ಹೊಲಿಗೆ ಬಿಚ್ಚಿಸಲು ಬರುವುದು ಬೇಡ’ ಎಂದು ನರ್ಸ್ ಹೇಳುವುದು ಇದರ ಬಗ್ಗೆಯೇ. ಗ್ಲೈಕೋಲಿಕ್ ಆಮ್ಲದಿಂದ ಮಾಡಿದ ಕರಗುವ ದಾರ 1970ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಅದಕ್ಕೆ ಲ್ಯಾಕ್ಟಿಕ್ ಆಮ್ಲ ಬೆರೆಸಿದ ದಾರ ಕೆಲವೇ ವರ್ಷಗಳಲ್ಲಿ ಹಿಂಬಾಲಿಸಿತು. ಎರಡು ತಿಂಗಳು ಕಳೆಯುವ ಹೊತ್ತಿಗೆ ದಾರ ಮೈಯಲ್ಲಿ ಕರಗಿರುತ್ತದೆ. ಮೈಯ ನೀರು ಈ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಬಿಡಿ ಬಿಡಿಯಾದ ಆಮ್ಲವನ್ನು ದೇಹ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನಾಗಿ ಮಾಡಿ ಹೊರಹಾಕುತ್ತದೆ.

ದಾರಕ್ಕೆ ಎರಡು ತಿಂಗಳು ಸಾಕು, ಮೂಳೆಗೆ ಸಾಲದು. ಹೀಗಾಗಿ ಎಷ್ಟು ಬೇಗ ಕರಗಬೇಕೆಂಬುದನ್ನು ಮೊದಲೇ ನಿರ್ಧರಿಸಿ ಪಾಲಿಮರ್ ಆರಿಸಬೇಕಾಗುತ್ತದೆ. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳನ್ನು ಸಮಪಾಲಿನಲ್ಲಿ ಬೆರೆಸಿದ ಪಾಲಿಮರ್ ಒಂದೆರಡು ತಿಂಗಳಲ್ಲಿ ಕರಗುತ್ತದೆ. ಲ್ಯಾಕ್ಟಿಕ್ ಆಮ್ಲ ಒಂದರಿಂದಲೇ ಮಾಡಿದ ಗಟ್ಟಿ ಬಗೆ ಕರಗಲು ಎರಡು ವರ್ಷಕ್ಕೂ ಹೆಚ್ಚು ಬೇಕು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಇನ್ನೊಂದು ಪಾಲಿಮರ್ ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಇದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗಿ ಹರಿಯುವುದರಿಂದ 3ಡಿ ಪ್ರಿಂಟರಿನಲ್ಲಿ ಎಳೆ ಎಳೆಯಾಗಿ ಹೊರಡಿಸಿ ಬೇಕಾದ ಆಕಾರ ಕೊಡುವುದು ಸುಲಭ. ರೋಗಿಯ ಸಿ.ಟಿ. ಸ್ಕ್ಯಾನ್ ನೋಡಿ, ಕಳೆದುಹೋದ ತುಂಡಿನ ಆಕಾರವನ್ನೇ ಮುದ್ರಿಸಿಕೊಡಬಹುದು.

ಆಕಾರ ಸಿಕ್ಕರೆ ಸಾಲದು, ಅದರೊಳಗೆ ತೂತುಗಳು ಬೇಕು. ಮೂಳೆಕೋಶಗಳು ಒಳಹೊಕ್ಕು, ಅವುಗಳ ಹಿಂದೆಯೇ ರಕ್ತನಾಳಗಳು ಬರಬೇಕಾದರೆ ತೂತು ಕನಿಷ್ಠ 100 ಮೈಕ್ರಾನ್ ಅಗಲವಿರಬೇಕು; 300 ಮೈಕ್ರಾನ್ ಆಸುಪಾಸಿನಲ್ಲಿದ್ದರೆ ಇನ್ನೂ ಉತ್ತಮ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ತೂತುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರಬೇಕು. ರಕ್ತನಾಳದಿಂದ ಇನ್ನೂರು ಮೈಕ್ರಾನಿಗಿಂತ ದೂರ ಸರಿದ ಕೋಶಕ್ಕೆ ಉಸಿರೂ ಇಲ್ಲ, ಊಟವೂ ಇಲ್ಲ. ತೂತು ಹೆಚ್ಚಿದಷ್ಟೂ ಹಂದರ ದುರ್ಬಲವಾಗುತ್ತದೆ, ತೂತು ಕಡಿಮೆಯಾದಷ್ಟೂ ಕೋಶಗಳು ಒಳಗೆ ಹೋಗಲಾರವು. ಈ ಎರಡನ್ನು ಸರಿದೂಗಿಸುವುದರಲ್ಲೇ ಸಂಶೋಧಕರ ವರ್ಷಗಳು ಕಳೆಯುತ್ತವೆ.

ಕುದುರೆಯ ಕಾಲು ಹೇಳುವ ಪಾಠ

ಕುಣಿಗಲ್ಲಿಗೆ ಕುದುರೆಯ ಹೆಸರು ಅಂಟಿಕೊಂಡಿದೆ. ಟಿಪ್ಪುವಿನ ಅಶ್ವದಳಕ್ಕೆ ಇಲ್ಲಿಂದ ಕುದುರೆ ಹೋಗುತ್ತಿದ್ದವೆಂಬ ಪ್ರತೀತಿಯಿದೆ. ಇಲ್ಲಿನ ಸ್ಟಡ್ ಫಾರಂ ದಶಕಗಳ ಕಾಲ ರೇಸ್ ಕುದುರೆಗಳನ್ನು ಬೆಳೆಸಿದೆ. ಮೂಳೆಯ ಬಗ್ಗೆ ಒಂದು ಮುಖ್ಯ ಸಂಗತಿಯನ್ನು ವಿಜ್ಞಾನಿಗಳು ರೇಸ್ ಕುದುರೆಗಳಲ್ಲಿ ಕಣ್ಣಾರೆ ಕಂಡರು. ಎಳೆಯ ಕುದುರೆಯನ್ನು ವೇಗದ ಓಟಕ್ಕೆ ಪಳಗಿಸುತ್ತಾ ಹೋದಂತೆ ಅದರ ಮುಂಗಾಲಿನ ಮೂಳೆಯ ಆಕಾರವೇ ಬದಲಾಗುತ್ತದೆ. ಭಾರ ಎಲ್ಲಿ ಬೀಳುತ್ತದೋ ಅಲ್ಲಿ ಮೂಳೆ ದಪ್ಪಗಾಗುತ್ತದೆ. ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲೇ ಇದನ್ನೊಂದು ನಿಯಮವಾಗಿ ಹೇಳಿದ್ದರು: ಭಾರ ಹೊತ್ತ ಕಡೆ ಮೂಳೆ ಬೆಳೆಯುತ್ತದೆ, ಭಾರವಿಲ್ಲದ ಕಡೆ ಸವೆಯುತ್ತದೆ.

ಹಂದರ ಕರಗಬೇಕು ಎನ್ನುವುದಕ್ಕೆ ಆಧಾರ ಈ ನಿಯಮ. ಗಟ್ಟಿ ಮೂಳೆಗಿಂತ ಟೈಟಾನಿಯಂ ಐದಾರು ಪಟ್ಟು ಬಿಗಿ, ಉಕ್ಕು ಹತ್ತು ಪಟ್ಟು ಬಿಗಿ. ಲೋಹವೇ ಭಾರವನ್ನೆಲ್ಲ ಹೊತ್ತರೆ ಪಕ್ಕದ ಮೂಳೆ ಸೊರಗುತ್ತದೆ. ಪ್ಲೇಟು ತೊಂದರೆ ಕೊಡತೊಡಗಿದರೆ ಅದನ್ನು ತೆಗೆಸಲು ಮತ್ತೊಮ್ಮೆ ಆಪರೇಷನ್, ಮತ್ತೊಮ್ಮೆ ಖರ್ಚು, ಮತ್ತೊಮ್ಮೆ ರಜೆ. ಕರಗುವ ಹಂದರ ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ ಸಡಿಲವಾಗುತ್ತಾ ಭಾರವನ್ನು ಹೊಸ ಮೂಳೆಗೆ ದಾಟಿಸುತ್ತದೆ. ಭಾರ ಹೊತ್ತ ಮೂಳೆ ಇನ್ನಷ್ಟು ಬಲಿಯುತ್ತದೆ.

ಕರಗಲೇಬಾರದ ಪಾಲಿಮರಿನ ಉದಾಹರಣೆಯೂ ಹತ್ತಿರದಲ್ಲೇ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಂದಿನ ಹೆಲಿಕಾಪ್ಟರುಗಳ ರೆಕ್ಕೆ, ಹೊರಕವಚಗಳಲ್ಲಿ ಪಾಲಿಮರ್ ಸಂಯುಕ್ತಗಳ ಪಾಲು ದೊಡ್ಡದು. ಅಲ್ಲಿ ಪಾಲಿಮರ್ ಬಿಸಿಲು, ಮಳೆ, ಅದುರಾಟಗಳಿಗೆ ದಶಕಗಳ ಕಾಲ ಜಗ್ಗದೆ ಇರಬೇಕು. ಮೂಳೆಯ ಹಂದರದಲ್ಲಿ ಅದೇ ಪಾಲಿಮರ್ ಶಾಸ್ತ್ರಕ್ಕೆ ಎದುರಾಗುವ ಸವಾಲು ತದ್ವಿರುದ್ಧದ್ದು: ಹೇಳಿದ ಹೊತ್ತಿಗೆ, ಹೇಳಿದಷ್ಟೇ ಸೋಲಬೇಕು.

ಬೆಂಗಳೂರಿನ ಪ್ರಯೋಗಾಲಯದಲ್ಲಿ

ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ಒಂದು ದಶಕಕ್ಕೂ ಮಿಕ್ಕಿ ನಡೆದಿದೆ. ಅಲ್ಲಿನ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದ ಕೌಶಿಕ್ ಚಟರ್ಜಿ ಅವರ ತಂಡ ಪಾಲಿಕ್ಯಾಪ್ರೊಲ್ಯಾಕ್ಟೋನಿಗೆ ಗ್ರ್ಯಾಫೀನಿನ ಸೂಕ್ಷ್ಮ ಹಾಳೆಗಳನ್ನು ಬೆರೆಸಿ ನೋಡಿತು. ಗ್ರ್ಯಾಫೀನ್ ಎಂದರೆ ಇಂಗಾಲದ ಒಂದೇ ಪರಮಾಣು ದಪ್ಪದ ಹಾಳೆ. ಅದರ ಮೇಲ್ಮೈಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಬೆರೆಸಿದಾಗ ಎರಡು ಲಾಭ ಕಂಡವು. ಆಕರಕೋಶಗಳು ಮೂಳೆಕೋಶಗಳಾಗಿ ಬದಲಾಗುವುದು ಹೆಚ್ಚಿತು. ಬ್ಯಾಕ್ಟೀರಿಯಾಗಳು ಮೇಲ್ಮೈಗೆ ಪದರವಾಗಿ ಅಂಟಿಕೊಳ್ಳುವುದು ತಗ್ಗಿತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ರಸ್ತೆಯ ಮಣ್ಣು ಹೊಕ್ಕ ಗಾಯದಲ್ಲಿ ಕೀವು ಎಷ್ಟು ದೊಡ್ಡ ಶತ್ರುವೆಂದು ಬಲ್ಲವರಿಗೆ ಎರಡನೆಯ ಲಾಭದ ಬೆಲೆ ಗೊತ್ತು.

ಆಗ ಇದೇ ಸಂಸ್ಥೆಯಲ್ಲಿದ್ದ ಗಿರಿಧರ್ ಮದ್ರಾಸ್ ಅವರೊಂದಿಗೆ ಸೇರಿ ಚಟರ್ಜಿ ಅವರ ತಂಡ ಇನ್ನೊಂದು ದಿಕ್ಕಿನಲ್ಲೂ ನಡೆಯಿತು. ಸಕ್ಕರೆರಹಿತ ಚೂಯಿಂಗ್ ಗಮ್‌ಗೆ ಸಿಹಿ ಕೊಡುವ ಕ್ಸೈಲಿಟಾಲ್‌ನಿಂದ ಕರಗುವ ಪಾಲಿಮರುಗಳ ಸಾಲನ್ನೇ ತಯಾರಿಸಿ 2014ರಲ್ಲಿ ಪ್ರಕಟಿಸಿತು. ಜೊತೆಗೆ ಬೆರೆಸುವ ಆಮ್ಲವನ್ನು ಬದಲಿಸಿದರೆ ಪಾಲಿಮರಿನ ಬಿಗಿಯೂ ಕರಗುವ ವೇಗವೂ ಬದಲಾಗುತ್ತವೆ. ದವಡೆಗೆ ಬೇಕಾದದ್ದು, ತೊಡೆಮೂಳೆಗೆ ಬೇಕಾದದ್ದು ಬೇರೆ ಬೇರೆಯಾಗಿರುವಾಗ ಹೀಗೆ ಆರಿಸಿಕೊಳ್ಳುವ ಅವಕಾಶ ಬಹಳ ದೊಡ್ಡದು. ಅದೇ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರು ಮೂಳೆ, ಕೀಲುಗಳ ಕಸಿಗೆ ಬೇಕಾದ ಜೈವಿಕ ಸಾಮಗ್ರಿಗಳ ಮೇಲೆ ಮಾಡಿದ ಕೆಲಸಕ್ಕೆ ಹೆಸರಾದವರು. 2013ರ ಭಟ್ನಾಗರ್ ಪ್ರಶಸ್ತಿ ಪಡೆದವರು.

ಇನ್ನೂ ಒಂದು ಸಂಗತಿ ಭರವಸೆ ಹುಟ್ಟಿಸುವಂಥದ್ದು. ಎಂಜಿನಿಯರಿಂಗ್ ಮತ್ತು ವಿಜ್ಞಾನಕ್ಕಷ್ಟೇ ಹೆಸರಾಗಿದ್ದ ಈ ಸಂಸ್ಥೆ ತನ್ನದೇ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಗಳ ಆಸ್ಪತ್ರೆ ಕಟ್ಟುವುದಾಗಿ 2022ರಲ್ಲಿ ಪ್ರಕಟಿಸಿತು. ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಇದಕ್ಕಾಗಿ 425 ಕೋಟಿ ರೂಪಾಯಿ ಕೊಡುವುದಾಗಿ ಮುಂದೆ ಬಂದರು. ಹಂದರ ಮಾಡುವವರೂ ಅದನ್ನು ರೋಗಿಯ ಕಾಲಿಗೆ ಕೂರಿಸುವವರೂ ಒಂದೇ ಆವರಣದಲ್ಲಿ ಸಿಗುವ ದಿನ ಇದರಿಂದ ಹತ್ತಿರವಾಗಿದೆ.

ಹುಳು ನೂತ ಪಾಲಿಮರ್

ಪಾಲಿಮರ್ ಎಂದೊಡನೆ ಪ್ಲಾಸ್ಟಿಕ್ ನೆನಪಾಗುತ್ತದೆ. ಪ್ರಕೃತಿ ನೇಯ್ದ ಪಾಲಿಮರುಗಳೂ ಇವೆ, ರೇಷ್ಮೆ ಅವುಗಳಲ್ಲೊಂದು. ಕುಣಿಗಲ್, ಹುಲಿಯೂರುದುರ್ಗ, ಹೆಬ್ಬೂರು ಮತ್ತು ನೆರೆಯ ಮಾಗಡಿ ಕಡೆಯ ಹಳ್ಳಿಗಳು ರಾಜ್ಯದ ರೇಷ್ಮೆ ಭೂಪಟದಲ್ಲಿ ಬಿತ್ತನೆ ಪ್ರದೇಶವೆಂದು ಗುರುತಾದವು. ಇಲ್ಲಿನ ರೈತರು ಸಾಕುವುದು ಅಪ್ಪಟ ಮೈಸೂರು ತಳಿ. ಹಸಿರು ಬೆರೆತ ಹಳದಿ ಬಣ್ಣದ, ತುದಿ ಚೂಪಾದ ಈ ಗೂಡುಗಳು ನೂಲಿಗೆ ಹೋಗುವುದಕ್ಕಿಂತ ಹೆಚ್ಚಾಗಿ ಬಿತ್ತನೆ ಕೋಠಿಗೆ ಹೋಗುತ್ತವೆ. ಅಲ್ಲಿ ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆಯನ್ನು ದ್ವಿತಳಿಯ ಗಂಡಿನೊಂದಿಗೆ ಕೂಡಿಸಿ ಪಡೆದ ಮೊಟ್ಟೆಯೇ ರಾಜ್ಯದ ಸಾವಿರಾರು ಹುಳು ಮನೆಗಳಿಗೆ ಹೋಗುವ ಮಿಶ್ರತಳಿ. ಕರ್ನಾಟಕ ದೇಶದಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ರಾಜ್ಯವಾಗಿರುವುದರ ಹಿಂದೆ ಈ ಹಳ್ಳಿಗಳ ದುಡಿಮೆಯಿದೆ.

ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗಿನದು ಗಟ್ಟಿಮುಟ್ಟಾದ ಫೈಬ್ರೊಯಿನ್, ಎಳೆಯ ತೂಕದ ಮುಕ್ಕಾಲು ಪಾಲು ಅದೇ. ಹೊರಗಿನದು ಅಂಟಾದ ಸೆರಿಸಿನ್. ಶಸ್ತ್ರವೈದ್ಯರು ಬಹು ಹಿಂದಿನಿಂದ ರೇಷ್ಮೆ ದಾರದಲ್ಲಿ ಹೊಲಿಗೆ ಹಾಕುತ್ತ ಬಂದಿದ್ದಾರೆ. ಕೆಲವರ ಮೈಗೆ ಅದು ಒಗ್ಗದಿದ್ದಾಗ ಸೆರಿಸಿನ್ ಮೇಲೆಯೇ ಗುಮಾನಿ ಬಿತ್ತು. ಗೂಡುಗಳನ್ನು ಸೋಡಾ ಬೆರೆಸಿದ ನೀರಲ್ಲಿ ಕುದಿಸಿದರೆ ಸೆರಿಸಿನ್ ಬಿಟ್ಟುಕೊಳ್ಳುತ್ತದೆ. ಉಳಿದ ಫೈಬ್ರೊಯಿನನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣವನ್ನು ಸೋಸಿ ತೆಗೆದರೆ ನೀರಿನಂಥ ರೇಷ್ಮೆ ದ್ರಾವಣ ಸಿಗುತ್ತದೆ. ಅದಕ್ಕೆ ಗೊತ್ತಾದ ಗಾತ್ರದ ಉಪ್ಪಿನ ಹರಳು ಸೇರಿಸಿ ಗಟ್ಟಿಯಾಗಲು ಬಿಡುತ್ತಾರೆ. ಆಮೇಲೆ ನೀರಿನಲ್ಲಿಟ್ಟರೆ ಉಪ್ಪು ಕರಗಿ ಹೋಗಿ, ಹರಳು ಇದ್ದ ಕಡೆಯೆಲ್ಲ ತೂತು ಉಳಿಯುತ್ತದೆ. ಹಂದರ ಸಿದ್ಧವಾಯಿತು.

ಈ ಹಂದರಕ್ಕೆ ಇನ್ನೊಂದು ಒಳ್ಳೆಯ ಗುಣವಿದೆ. ಲ್ಯಾಕ್ಟಿಕ್ ಆಮ್ಲದ ಪಾಲಿಮರುಗಳು ಕರಗುವಾಗ ಸುತ್ತಲೂ ಆಮ್ಲ ಹೆಚ್ಚುತ್ತದೆ. ಈ ಬಗೆಯ ಪಾಲಿಮರುಗಳಿಂದ ಮಾಡಿದ ಆರಂಭದ ಸ್ಕ್ರೂಗಳು ಕೆಲವು ರೋಗಿಗಳಲ್ಲಿ ಊತ ತಂದು, ಸೋಂಕಿಲ್ಲದೆಯೂ ಗಾಯ ಸೋರುವಂತೆ ಮಾಡಿದ್ದವು. ರೇಷ್ಮೆಯನ್ನು ದೇಹದ ಕಿಣ್ವಗಳು ಕರಗಿಸುತ್ತವೆ. ಕೊನೆಗೆ ಉಳಿಯುವುದು ಅಮೈನೋ ಆಮ್ಲಗಳು, ಅಂದರೆ ದೇಹ ಮತ್ತೆ ಬಳಸಿಕೊಳ್ಳುವ ಪ್ರೋಟೀನಿನ ಬಿಡಿಭಾಗಗಳು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್ ಅವರ ತಂಡ ರೇಷ್ಮೆಯ ಈ ಗುಣಗಳನ್ನು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಅನುಯಾ ನಿಸಲ್ ಮತ್ತು ಸಂಗಡಿಗರ ಸಂಶೋಧನೆಯಿಂದ ಹುಟ್ಟಿದ ಸೆರಿಜೆನ್ ಎಂಬ ಕಂಪನಿ ಮೂಳೆಯ ಖಾಲಿ ಜಾಗ ತುಂಬಲೆಂದೇ ರೇಷ್ಮೆಯ ಹಂದರಗಳನ್ನು ರೂಪಿಸಿದೆ. ಬೆಂಗಳೂರಿನ ಫೈಬ್ರೋಹೀಲ್ ಕಂಪನಿ ರೇಷ್ಮೆ ಪ್ರೋಟೀನಿನಿಂದ ಗಾಯಕ್ಕೆ ಹಾಕುವ ಪಟ್ಟಿಗಳನ್ನು ತಯಾರಿಸುತ್ತಿದೆ.

ಕುಣಿಗಲ್ಲಿನ ಮಟ್ಟಿಗೆ ಇದರಲ್ಲೊಂದು ಮುಖ್ಯ ಸಂಗತಿಯಿದೆ. ಚಿಟ್ಟೆ ಹೊರಬರುವಾಗ ಗೂಡಿಗೆ ತೂತು ಬೀಳುತ್ತದೆ. ಎಳೆ ತುಂಡಾಗುವುದರಿಂದ ಅಂಥ ಗೂಡಿನಿಂದ ಉದ್ದನೆಯ ನೂಲು ತೆಗೆಯಲು ಬರುವುದಿಲ್ಲ, ಬೆಲೆ ಕುಸಿಯುತ್ತದೆ. ಬಿತ್ತನೆ ಕೋಠಿಗಳಲ್ಲಿ ಉಳಿಯುವುದೆಲ್ಲ ಇಂಥ ಗೂಡುಗಳೇ. ಹಂದರ ತಯಾರಿಸುವವರು ಗೂಡನ್ನು ಹೇಗಿದ್ದರೂ ಕತ್ತರಿಸಿ, ಕುದಿಸಿ, ಕರಗಿಸುತ್ತಾರೆ. ಅವರಿಗೆ ಉದ್ದನೆಯ ಎಳೆ ಬೇಕಿಲ್ಲ. ಹುಳು ಆರೋಗ್ಯವಾಗಿತ್ತು, ಯಾವ ತಳಿ, ಯಾವ ಬೆಳೆ ಎಂಬ ಖಚಿತ ದಾಖಲೆ ಬೇಕು. ಬಿತ್ತನೆ ಪ್ರದೇಶದಲ್ಲಿ ತಳಿಶುದ್ಧಿ ಕಾಯುವುದು, ಚಿಟ್ಟೆಗಳನ್ನು ರೋಗಕ್ಕಾಗಿ ಪರೀಕ್ಷಿಸುವುದು, ಬೆಳೆವಾರು ಲೆಕ್ಕ ಇಡುವುದು ನಿತ್ಯದ ಕೆಲಸ. ವೈದ್ಯಕೀಯ ದರ್ಜೆಯ ರೇಷ್ಮೆಗೆ ಬೇಕಾದ ಶಿಸ್ತು ಇಲ್ಲಿನ ರೈತರಿಗೂ ತಂತ್ರಜ್ಞರಿಗೂ ಹೊಸದಲ್ಲ. ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ಅಲ್ಲಿ ಜೈವಿಕ ತಂತ್ರಜ್ಞಾನ, ಕೆಮಿಕಲ್ ಎಂಜಿನಿಯರಿಂಗ್ ವಿಭಾಗಗಳಿವೆ. ಗುಬ್ಬಿಯಲ್ಲಿ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯವಿದೆ. ನಗರದಲ್ಲೇ ವೈದ್ಯಕೀಯ, ದಂತ ವೈದ್ಯಕೀಯ ಕಾಲೇಜುಗಳಿವೆ. ಗೂಡು, ಪ್ರಯೋಗಾಲಯ, ಆಸ್ಪತ್ರೆ ಮೂರೂ ಒಂದೇ ಜಿಲ್ಲೆಯಲ್ಲಿ ಸಿಗುವುದು ವಿರಳ.

ಎಲ್ಲಿಯವರೆಗೆ ಬಂದಿದೆ?

ಮೂಳೆಗೆ ಕರಗುವ ಸಾಮಗ್ರಿಯ ಬಳಕೆ ಕೆಲವು ಕಡೆ ಆಗಲೇ ವಾಡಿಕೆಯಾಗಿದೆ. ಒಸಡಿನ ರೋಗದಿಂದ ದವಡೆ ಸವೆದಾಗ ದಂತವೈದ್ಯರು ಮೂಳೆಪುಡಿ ತುಂಬಿ ಮೇಲೆ ಕರಗುವ ಪೊರೆ ಹೊದಿಸುತ್ತಾರೆ. ಕಬಡ್ಡಿ, ಫುಟ್‌ಬಾಲ್ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದವರಿಗೆ ಕರಗುವ ಸ್ಕ್ರೂ ಹಾಕುವುದುಂಟು. ಸಿಂಗಪುರದ ಆಸ್ಟಿಯೋಪೋರ್ ಕಂಪನಿಯ ಪಾಲಿಕ್ಯಾಪ್ರೊಲ್ಯಾಕ್ಟೋನ್ ಹಂದರಗಳಿಗೆ 2006ರಲ್ಲೇ ಅಮೆರಿಕದ ಒಪ್ಪಿಗೆ ಸಿಕ್ಕಿತು. ತಲೆಬುರುಡೆಯ ಆಪರೇಷನ್ ಬಳಿಕ ಉಳಿಯುವ ತೂತು ಮುಚ್ಚಲು ಅವು ಬಳಕೆಯಾಗುತ್ತಿವೆ.

ಕಾಲಿನ ಮೂಳೆಯ ಮಾತು ಬೇರೆ, ಅದು ಮೈಭಾರ ಹೊರಬೇಕು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಪ್ರಿನ್ಸೆಸ್ ಅಲೆಕ್ಸಾಂಡ್ರ ಆಸ್ಪತ್ರೆಯಲ್ಲಿ 2017ರಲ್ಲಿ ಸೋಂಕಿನಿಂದ ಮೊಣಕಾಲ ಕೆಳಗಿನ ಮೂಳೆ ಕಳೆದುಕೊಂಡ ಯುವಕನೊಬ್ಬನಿಗೆ 36 ಸೆಂಟಿಮೀಟರ್ ಉದ್ದದ ಮುದ್ರಿತ ಹಂದರ ಕೂರಿಸಲಾಯಿತು. ಅದಕ್ಕೆ ರಕ್ತನಾಳಗಳಿದ್ದ ಅಂಗಾಂಶವನ್ನು ಸುತ್ತಿದ್ದರು. ಆ ಸುದ್ದಿ ಜಗತ್ತೆಲ್ಲ ಹರಡಿದ್ದು ಸಹಜ. ಅಂಥದ್ದು ದಿನನಿತ್ಯದ ಚಿಕಿತ್ಸೆಯಾಗಲು ಇನ್ನೂ ದೂರವಿದೆ. ಪಾಲಿಮರ್ ಹಂದರ ಸ್ವತಃ ಮೈಭಾರ ತಾಳದು. ಜೊತೆಗೆ ರಾಡೋ ಪ್ಲೇಟೋ ಬೇಕು. ದೊಡ್ಡ ಹಂದರದ ನಟ್ಟನಡುವೆ ರಕ್ತನಾಳ ತಲುಪುವ ಮೊದಲೇ ಕೋಶಗಳು ಸಾಯುವುದು ಇಂದಿಗೂ ಬಗೆಹರಿಯದ ಸಮಸ್ಯೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಗೆದ್ದ ಹಂದರ ಮೊದಲು ಇಲಿ, ಮೊಲಗಳಲ್ಲಿ, ಆಮೇಲೆ ಕುರಿ, ಆಡುಗಳಲ್ಲಿ, ಕೊನೆಗೆ ಮನುಷ್ಯರಲ್ಲಿ ತನ್ನನ್ನು ಸಾಬೀತು ಮಾಡಬೇಕು. ನಮ್ಮ ದೇಶದಲ್ಲಿ 2018ರ ಜನವರಿ 1ರಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ನಾಲ್ಕು ವರ್ಗ ಮಾಡಿವೆ. ಮೈಯೊಳಗೆ ಕರಗುವಂಥವು ಹೆಚ್ಚಿನ ಅಪಾಯದ ಸಾಲಿನಲ್ಲಿ ಬರುತ್ತವೆ. ಇಷ್ಟು ಬಿಗಿ ಬೇಕೇ ಬೇಕು. ಒಮ್ಮೆ ಕರಗಿಹೋದ ವಸ್ತುವನ್ನು ಮತ್ತೆ ಹೊರತೆಗೆಯಲು ಆಗದು.

ಈ ಹಾದಿಯ ಮುಖ್ಯ ಕೊರತೆ ಇರುವುದು ಆಸ್ಪತ್ರೆಯ ಕಡೆ. ಹಂದರ ಮಾಡುವ ಪ್ರಯೋಗಾಲಯಗಳು ದೇಶದಲ್ಲಿ ಸಾಕಷ್ಟಿವೆ, ಪ್ರಬಂಧಗಳೂ ಬರುತ್ತಿವೆ. ಅವುಗಳಲ್ಲಿ ರೋಗಿಯ ಮಂಚದ ಬಳಿಗೆ ಬಂದವು ಬೆರಳೆಣಿಕೆಯಷ್ಟು. ಮನುಷ್ಯರ ಮೇಲಿನ ಪರೀಕ್ಷೆಗೆ ಕೆಲವೇ ಮಹಾನಗರಗಳ ದೊಡ್ಡ ಆಸ್ಪತ್ರೆಗಳು ಸಾಲವು. ಹೆದ್ದಾರಿ ಅಪಘಾತದ ಗಾಯಾಳು ಮೊದಲು ಬರುವುದು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿಗೆ. ಎಷ್ಟು ಜನರ ಮೂಳೆಯಲ್ಲಿ ಎಷ್ಟು ಉದ್ದದ ತುಂಡು ಕಳೆದುಹೋಯಿತು, ಎಷ್ಟು ತಿಂಗಳಿಗೆ ಕೂಡಿತು, ಎಷ್ಟು ಸಲ ಆಪರೇಷನ್ ಆಯಿತು ಎಂಬ ದಾಖಲೆ ಅಲ್ಲಿಂದಲೇ ಶುರುವಾಗಬೇಕು. ಆ ದಾಖಲೆಯಿಲ್ಲದೆ ಯಾವ ಹಂದರ ಯಾರಿಗೆ ಎಂದು ನಿರ್ಧರಿಸಲಾಗದು.

ಹಾಗಾಗಿ ಸರ್ಕಾರದ ಮುಂದೆ, ಸಂಸ್ಥೆಗಳ ಮುಂದೆ ಮೂರು ಕೆಲಸಗಳಿವೆ. ವಿಜ್ಞಾನ ಸಂಸ್ಥೆಯ ಹೊಸ ಆಸ್ಪತ್ರೆ ತುಮಕೂರು ಜಿಲ್ಲಾ ಆಸ್ಪತ್ರೆಯಂಥ ಹೆದ್ದಾರಿ ಬದಿಯ ಆಸ್ಪತ್ರೆಗಳನ್ನು ತನ್ನ ಪರೀಕ್ಷೆಗಳಲ್ಲಿ ಜೊತೆಗೂಡಿಸಿಕೊಳ್ಳಲಿ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ, ಕುಣಿಗಲ್ ಸೀಮೆಯ ತೂತಾದ ಗೂಡುಗಳನ್ನು ವೈದ್ಯಕೀಯ ದರ್ಜೆಗೆ ಏರಿಸುವ ಪ್ರಯೋಗವನ್ನು ತುಮಕೂರಿನ ಕಾಲೇಜುಗಳೊಂದಿಗೆ ಕೈಗೆತ್ತಿಕೊಳ್ಳಲಿ. ಪರೀಕ್ಷೆಯಲ್ಲಿ ಗೆದ್ದ ಹಂದರಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮೊದಲ ದಿನದಿಂದಲೇ ಜಾಗ ಸಿಗಲಿ. ಬಡವರ ಕೈಗೆಟುಕದ ಹಂದರದಿಂದ ಬಿ.ಎಚ್. ರಸ್ತೆಯ ಬೈಕ್ ಸವಾರನಿಗೆ ಯಾವ ಉಪಯೋಗವೂ ಆಗದು.

ಓದುಗರು ಮಾಡಬಹುದಾದದ್ದೂ ಇದೆ. ಅದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಡ. ಮೂಳೆ ಮುರಿದವರನ್ನು ಕಂಡರೆ ಕಾಲನ್ನು ಎಳೆಯಬೇಡಿ, ಎಣ್ಣೆ ಹಚ್ಚಿ ನೀವಬೇಡಿ, ಗಾಯದ ಮೇಲೆ ಕಾಫಿಪುಡಿ, ಅರಿಶಿನ ಹಾಕಬೇಡಿ. ತೆರೆದ ಗಾಯಕ್ಕೆ ಶುಭ್ರ ಬಟ್ಟೆ ಮುಚ್ಚಿ, ಹಲಗೆಯನ್ನೋ ಬಿದಿರಿನ ದಬ್ಬೆಯನ್ನೋ ಆನಿಸಿ ಅಲ್ಲಾಡದಂತೆ ಕಟ್ಟಿ, 108ಕ್ಕೆ ಕರೆ ಮಾಡಿ. ನೆರವಾದವರಿಗೆ ಕಾನೂನಿನ ಕಿರುಕುಳ ಆಗದಂತೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ, ಹೆದರಿ ಹಿಂಜರಿಯಬೇಡಿ. ತೆರೆದ ಮುರಿತಕ್ಕೆ ಆಂಟಿಬಯೋಟಿಕ್ ಬೇಗ ಬಿದ್ದಷ್ಟೂ ಕೀವಿನ ಭಯ ಕಡಿಮೆ. ಮೂಳೆ ಕೂಡುವ ತನಕ ಬೀಡಿ, ಸಿಗರೇಟು ಬಿಡಿ. ಹೊಗೆ ಮೂಳೆ ಕೂಡುವುದನ್ನು ತಡ ಮಾಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ವೈದ್ಯರು ಊರುಗೋಲು ಹಿಡಿದು ನಡೆಯಿರಿ ಎಂದ ದಿನದಿಂದ ಅವರು ಹೇಳಿದಷ್ಟು ನಡೆಯಿರಿ, ಭಾರ ಹೊತ್ತ ಮೂಳೆಯೇ ಬಲಿಯುವುದು. ಬೈಕ್ ಹತ್ತುವಾಗ ಹೆಲ್ಮೆಟ್ ಹಾಕಿ, ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಓಡಿಸಬೇಡಿ.